ಕೌಂಟರಿನಲ್ಲಿ ತೆಗೆದುಕೊಂಡ ಕೇಸು

ವಸ್ತಾರೆ ರಸ್ತೆಯಲ್ಲಿ ನನ್ನ ಹೋಟೆಲಿನ ಪಕ್ಕಕ್ಕೆ ತಗಡು ಹೊದಿಸಿದ ಒಂದು ಶೆಡ್ ಇದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಔಷಧಿ ಹೊಡೆಯುವ ಸ್ಪ್ರೇಯರು, ನೀರೆತ್ತುವ ಮೋಟಾರು, ಇವನ್ನೆಲ್ಲ ರಿಪೇರಿ ಮಾಡುವ ಭಾಯಿಯೊಬ್ಬರದು. ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಅವರ ಸುತ್ತಿಗೆಯ ಸದ್ದು ಶುರುವಾಗುತ್ತದೆ. ಆ ಸದ್ದು ಇನ್ನೇನು ನಿಂತುಹೋಗುವ ಹಾಗೆ ಮಾಡಿದವಳು ನಾನು. ನಿಲ್ಲದ ಹಾಗೆ ನೋಡಿಕೊಂಡವಳು ನನ್ನ ತಂಗಿ.

ತಂಗಿ ಬೆಂಗಳೂರಿನಲ್ಲಿ ವಕೀಲೆ. ಆಸ್ತಿ ವ್ಯಾಜ್ಯ, ಕಂಪನಿಗಳ ಲೆಕ್ಕದ ಮೋಸ, ಬ್ಯಾಂಕಿನವರ ಮೇಲಿನ ಆರೋಪ, ಇಂಥ ಕೇಸುಗಳು ಅವಳವು. ಕೆಲವು ಕೇಸುಗಳ ದಿನ ಟಿವಿಯವರು ಕೋರ್ಟಿನ ಮೆಟ್ಟಿಲ ಬಳಿ ಕಾಯುತ್ತಾರೆ. ಅವಳು ಕರಿ ಕೋಟನ್ನು ಕೈಯಲ್ಲಿ ಮಡಚಿಕೊಂಡು ಏನೂ ಹೇಳದೆ ನಡೆದುಹೋಗುವುದನ್ನು ನನ್ನ ಹೋಟೆಲಿನ ಟಿವಿಯಲ್ಲಿ ಎಲ್ಲರೂ ಕಡುಬು ತಿನ್ನುತ್ತ ನೋಡಿದ್ದಾರೆ. ನನ್ನ ಹೋಟೆಲಿಗೆ ಒಂದು ಬೋರ್ಡಿದೆ, ಆದರೆ ಬೋರ್ಡಿನ ಹೆಸರು ಯಾರಿಗೂ ಬೇಕಾಗಿಲ್ಲ. ಲಾಯರಮ್ಮನ ಅಕ್ಕನ ಹೋಟ್ಲು ಎಂದರೆ ಬಸ್ಸಿನವನೂ ನಿಲ್ಲಿಸುತ್ತಾನೆ.

ನಾವು ಅತ್ತಿಗುಂಡಿ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವರು. ಅವ್ವ ಕಾಫಿ ಕುಯ್ಯುತ್ತಿದ್ದಳು. ಅಪ್ಪ ಮರಗಸಿಯವರು, ಕಾಫಿ ಗಿಡಕ್ಕೆ ನೆರಳು ಹೆಚ್ಚಾದಾಗ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ತಂಗಿಯನ್ನು ಓದಿಸಲೆಂದು ಅಕ್ಕ ಶಾಲೆ ಬಿಟ್ಟಳು ಎಂದು ಊರಲ್ಲಿ ಹೇಳುತ್ತಾರೆ. ಒಮ್ಮೆ ಟಿವಿಯ ಹುಡುಗಿಯೊಬ್ಬಳು ಬಂದು ಹಾಗೇ ಕೇಳಿದಾಗ ನಾನೂ ಹೂಂ ಅಂದಿದ್ದೇನೆ. ಅದು ನಿಜವಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಾನು ಶಾಲೆ ಬಿಟ್ಟಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ನನಗೆ ಮಗ್ಗಿ ಬರುತ್ತಿರಲಿಲ್ಲ, ಮೇಷ್ಟ್ರ ಬೆತ್ತ ಕಂಡರೆ ಬೇಲಿ ಹಾರಿ ಓಡುತ್ತಿದ್ದೆ, ಅವ್ವನ ಹಿಂದೆ ತೋಟಕ್ಕೆ ಹೋಗುವುದು ಸುಖವಾಗಿತ್ತು, ಅಷ್ಟೆ. ತಂಗಿಗೆ ಇದು ಗೊತ್ತು. ಆ ಕಾರ್ಯಕ್ರಮವನ್ನು ಅವಳೂ ನೋಡಿದಳು. ಯಾರ ಮುಂದೆಯೂ ನನ್ನನ್ನು ತಿದ್ದಲಿಲ್ಲ.

ಪ್ರಶ್ನೆ ಕೇಳುವುದು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಮನೆಯಲ್ಲಿ ಬೆಲ್ಲ ಕಡಿಮೆಯಾದರೆ ಅವ್ವ ಬೈಯುತ್ತಿದ್ದಳು, ತಂಗಿ ಬೈಯುತ್ತಿರಲಿಲ್ಲ. ನನ್ನ ಪಕ್ಕ ಬಂದು ಕೂತು, "ಅಕ್ಕ, ಡಬ್ಬ ಮುಚ್ಚಿದ್ದು ಯಾರು?" ಎನ್ನುತ್ತಿದ್ದಳು. ಆಮೇಲೆ, "ಮತ್ತೆ ನಿನ್ನ ಬೆರಳು ಯಾಕೆ ಅಂಟ್ತಿದೆ?" ಎನ್ನುತ್ತಿದ್ದಳು. ಆಮೇಲೆ ಸುಮ್ಮನೆ ಕೂರುತ್ತಿದ್ದಳು. ಆ ಸುಮ್ಮನೆ ಕೂರುವುದನ್ನು ತಡೆಯಲಾಗದೆ ನಾನೇ ಒಪ್ಪಿಕೊಳ್ಳುತ್ತಿದ್ದೆ.

ಹಾಸನದಲ್ಲಿ ಕಾನೂನು ಓದಿ ಬಂದು ಅವಳು ಚಿಕ್ಕಮಗಳೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದಳು. ಲೈನ್ ಮನೆಯ ಹುಡುಗಿಗೆ ಯಾರೂ ಕೇಸು ಕೊಡಲಿಲ್ಲ. ಆಗಷ್ಟೇ ನಾನು ಹೋಟೆಲು ಇಟ್ಟಿದ್ದೆ. ಒಂದು ದಿನ ಪಕ್ಕದ ಭಾಯಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಪ್ಲಾಂಟರೊಬ್ಬರು ತಮ್ಮ ಹೊಸ ಪಲ್ಪರನ್ನು ಭಾಯಿಯ ರಿಪೇರಿಯೇ ಹಾಳುಮಾಡಿತು ಎಂದು ಕೋರ್ಟಿಗೆ ಹೋಗಿದ್ದರು.

"ಅಕ್ಕಾ, ನಮ್ಮ ಹುಡುಗೀನೇ ಇರುವಾಗ ಬೇರೆಯೋರು ಯಾಕೆ? ಎಲ್ಲಿ ಸೈನ್ ಹಾಕ್ಬೇಕು ಹೇಳಮ್ಮ," ಎಂದರು ತಂಗಿಗೆ.

ನನ್ನ ಹೋಟೆಲಿನ ಮೇಜಿನ ಮೇಲೆಯೇ ವಕಾಲತ್ತಿಗೆ ಸೈನ್ ಹಾಕಿದರು. ಈ ವಕೀಲರು ನನ್ನ ಪರವಾಗಿ ನಡೆಸುತ್ತಾರೆ ಎಂದು ಕೋರ್ಟಿಗೆ ಬರೆದುಕೊಡುವ ಕಾಗದ ಅದು. ಸೈನಿನ ಪಕ್ಕ ಗ್ರೀಸಿನ ಹೆಬ್ಬೆಟ್ಟೂ ಬಿತ್ತು. ತಂಗಿ ಒಂದು ವಾರ ಅವರ ಶೆಡ್ಡಿನಲ್ಲಿ ನಿಂತು ಪಲ್ಪರ್ ಬಿಚ್ಚುವುದು, ಜೋಡಿಸುವುದು ಕಲಿತಳು. ಅವಳ ಚೂಡಿದಾರಕ್ಕೆ ಅಂಟಿದ ಎಣ್ಣೆ ಕೊನೆಗೂ ಹೋಗಲಿಲ್ಲ. ಕೋರ್ಟಿನಲ್ಲಿ ಆ ಪ್ಲಾಂಟರಿಗೆ ಅವಳು ಜೋರಾಗಿ ಏನೂ ಕೇಳಲಿಲ್ಲವಂತೆ. ಪಲ್ಪರ್ ಕೆಟ್ಟ ದಿನ ಹಣ್ಣು ತುಂಬ ಇತ್ತಾ ಎಂದಳು. ಇತ್ತು ಎಂದರು. ನೀರು ಬರುತ್ತಿತ್ತಾ ಎಂದಳು. ಆ ದಿನ ಕರೆಂಟಿರಲಿಲ್ಲ, ನೀರಿನ ಮೋಟಾರ್ ಓಡಲಿಲ್ಲ ಎಂದರು. ಮತ್ತೆ ಪಲ್ಪರ್ ಹೇಗೆ ಓಡಿತು ಎಂದಳು. ಅದಕ್ಕೆ ಡೀಸೆಲ್ ಇಂಜಿನ್ ಇದೆಯಲ್ಲ ಎಂದು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ನೀರಿಲ್ಲದೆ ಓಡಿಸಿದರೆ ಒಳಗಿನ ತಾಮ್ರದ ತಗಡು ಹರಿದುಹೋಗುತ್ತದೆ. ತಂಗಿ ಅಲ್ಲಿಗೇ ಕೂತುಬಿಟ್ಟಳು. ಪ್ಲಾಂಟರ ಕೇಸು ಬಿದ್ದುಹೋಯಿತು.

ಅಲ್ಲಿಂದ ಅವಳು ಬೆಳೆದ ದಾರಿಯೆಲ್ಲ ನನಗೆ ತಿಳಿಯದು. ಒಮ್ಮೆ ಮಾತ್ರ ಬೆಂಗಳೂರಿಗೆ ಹೋಗಿ ಅವಳ ಕೋರ್ಟಿನಲ್ಲಿ ಕೂತಿದ್ದೆ. ಕಂಪನಿಯ ಲೆಕ್ಕ ತಿದ್ದಿದ ಆರೋಪ ಹೊತ್ತ ಅಧಿಕಾರಿಯೊಬ್ಬರ ಪರ ಅವಳು ನಿಂತಿದ್ದಳು. ಎದುರಿಗೆ ಸಾಕ್ಷಿ ಹೇಳಲು ಬಂದಿದ್ದವನು ಸೂಟು ಹಾಕಿದ ದೊಡ್ಡ ಮನುಷ್ಯ. ಇಂಗ್ಲಿಷಿನಲ್ಲಿ ನಡೆದದ್ದು ನನಗೆ ಅರ್ಥವಾಗಲಿಲ್ಲ. ಆದರೆ ಅವಳ ದನಿ ಅರ್ಥವಾಯಿತು. ಬೆಲ್ಲದ ಡಬ್ಬದ ದನಿ ಅದು. ಒಂದು ಸಣ್ಣ ಪ್ರಶ್ನೆ, ಇನ್ನೊಂದು ಸಣ್ಣ ಪ್ರಶ್ನೆ, ಆಮೇಲೆ ಸುಮ್ಮನೆ ನಿಲ್ಲುವುದು. ಆ ಸೂಟಿನವನು ಕರ್ಚೀಫು ತೆಗೆದಾಗ ನನಗೆ ನಗು ಬಂದು ಸೆರಗು ಬಾಯಿಗೆ ಹಿಡಿದೆ.

ಆ ಕೇಸಿನಲ್ಲಿ ಅವಳ ಕಕ್ಷಿದಾರ ಖುಲಾಸೆಯಾದ. ಹೋಟೆಲಿನಲ್ಲಿ ಒಬ್ಬ ನನ್ನನ್ನು ಕೆಣಕಿದ, "ಎಂತ ಅಕ್ಕಾ, ನಿಮ್ಮ ತಂಗಿ ಕೋಟು ಹಾಕಿದ ಕಳ್ಳರಿಗೆ ಮಾತ್ರ ಲಾಯರ್ ಅಂತೆ?" ನಾನು ಅದನ್ನೇ ತಂಗಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಆರೋಪ ಹೊತ್ತೋನ ಪಕ್ಕ ನಿಲ್ಲೋಕೆ ಒಬ್ರು ಬೇಕಲ್ಲ ಅಕ್ಕ. ಅವನು ಮಾಡಿದ್ನಾ ಇಲ್ವಾ ಅನ್ನೋದು ಆಮೇಲೆ. ಮೊದ್ಲು ಅವನ ಮಾತು ಕೋರ್ಟಿಗೆ ಕೇಳ್ಬೇಕು," ಎಂದಳು.

ಅವಳು ದೊಡ್ಡವಳಾದಷ್ಟೂ ನನ್ನ ಕೌಂಟರಿಗೆ ಕಾಗದ ಹಿಡಿದು ಬರುವವರು ಹೆಚ್ಚಿದರು. ಗಡಿ ಜಗಳ, ಅಣ್ಣತಮ್ಮಂದಿರ ಪಾಲು, ಯಾರದೋ ಜಾಮೀನು. "ನಿಮ್ಮ ತಂಗಿಗೆ ಒಂದು ಮಾತು ಹೇಳಿ ಅಕ್ಕಾ" ಎನ್ನುವರು. ಹೋಗುವಾಗ ಜೇನು, ಒಳ್ಳೆ ಕಾಳುಮೆಣಸು ಇಟ್ಟುಹೋಗುವರು. ನಾಲ್ಕನೇ ಕ್ಲಾಸು ಓದಿದ ನನ್ನ ಮುಂದೆ ಬಿ.ಎ. ಮಾಡಿದವರು ಕೈಕಟ್ಟಿ ನಿಲ್ಲುವುದು ನನಗೆ ಇಷ್ಟವಾಗುತ್ತಿತ್ತು. ಮೊದಮೊದಲು ನಿಜವಾಗಿಯೂ ತಂಗಿಗೆ ಹೇಳುತ್ತಿದ್ದೆ. ಒಂದು ದಿನ ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು.

"ಅಕ್ಕ, ಕೌಂಟರಲ್ಲಿ ಕೇಸ್ ತಗೋಬೇಡ. ನಾನು ಊರಿಗೆ ಬಂದು ನಡೆಸೋಕಾಗಲ್ಲ. ಚಿಕ್ಕಮಗಳೂರಲ್ಲಿ ಒಳ್ಳೇ ವಕೀಲರಿದ್ದಾರೆ, ಅವರ ಹತ್ರ ಕಳಿಸು. ಆಗಲ್ಲ ಅಂತ ಹೇಳೋದೂ ಒಂದು ಉಪಕಾರ."

ನನಗೆ ಅವಮಾನವಾಯಿತು. ಮುಖ ಊದಿಸಿಕೊಂಡು ಹೂಂ ಅಂದೆ.

ಅದಾದ ಮರುವರ್ಷ ಕಾಫಿ ಹೂ ಬಿಟ್ಟ ಕಾಲದಲ್ಲಿ ಭಾಯಿಗೆ ಕೋರ್ಟಿನಿಂದ ಸಮನ್ಸ್ ಬಂತು. ಶೆಡ್ಡಿನ ಹಿಂದಿನ ಜಾಗವನ್ನು ಹೊರಗಿನವರೊಬ್ಬರು ಹೋಂಸ್ಟೇ ಮಾಡಲೆಂದು ಕೊಂಡಿದ್ದರು. ಶೆಡ್ ಇರುವ ನೆಲವೂ ತಮ್ಮದೇ, ಖಾಲಿ ಮಾಡಿಸಿಕೊಡಿ ಎಂದು ಅವರು ಕೇಸು ಹಾಕಿದ್ದರು. ಭಾಯಿ ಅಲ್ಲಿ ಅವರ ತಂದೆಯ ಕಾಲದಿಂದ ಇದ್ದವರು. ಸಮನ್ಸಿನ ಜೆರಾಕ್ಸ್ ನನ್ನ ಕೈಗೆ ಕೊಟ್ಟು, "ತಂಗ್ಯಮ್ಮಂಗೆ ಹೇಳಿ ಅಕ್ಕಾ. ಸೈನ್ ಅಂತೂ ಅವತ್ತೇ ಹಾಕಿದ್ದೀನಲ್ಲ" ಎಂದರು. ಒಂದು ಸಲ ವಕಾಲತ್ತು ಕೊಟ್ಟರೆ ಅವರೇ ನಮ್ಮ ವಕೀಲರು, ಮನೆಯ ಡಾಕ್ಟರಿದ್ದ ಹಾಗೆ ಎಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ತಂಗಿಗೆ ಫೋನ್ ಮಾಡಿದೆ. ದೊಡ್ಡ ಕೇಸೊಂದು ನಡೆಯುತ್ತಿತ್ತು. ಅವಳ ಜೂನಿಯರ್ ಹುಡುಗ ತೆಗೆದು, "ಮೇಡಂ ಕೋರ್ಟಲ್ಲಿದ್ದಾರೆ, ಅರ್ಜೆಂಟಾ?" ಎಂದ. ಅರ್ಜೆಂಟಿಲ್ಲ ಎಂದೆ. ಇನ್ನೊಮ್ಮೆ ಮಾಡಿದಾಗಲೂ ಅವನೇ. ಮೂರನೇ ಸಲ ನಾನು ಮಾಡಲೇ ಇಲ್ಲ. ಅವಳು ಮತ್ತೆ ಅದೇ ಮಾತು ಹೇಳುತ್ತಾಳೆ ಎಂಬ ಭಯ ಒಂದು. ಸ್ವಂತ ತಂಗಿಯೇ ನನಗೆ ಮಾತಿಗೆ ಸಿಗಲಿಲ್ಲ ಎಂದು ಭಾಯಿಯ ಮುಂದೆ ಹೇಳಿಕೊಳ್ಳುವ ನಾಚಿಕೆ ಇನ್ನೊಂದು. ಮಾರನೆಯ ದಿನ ಭಾಯಿ ಟೀ ಕುಡಿಯುತ್ತ, "ಹೇಳಿದ್ರಾ ಅಕ್ಕಾ?" ಎಂದು ಕೇಳಿದರು.

"ಹೇಳಿದ್ದೀನಿ. ನೋಡ್ಕೊಳ್ತಾಳಂತೆ," ಎಂದೆ.

ಆ ಮಾತು ನಾಲಿಗೆಯ ಮೇಲೆ ಸಲೀಸಾಗಿ ಬಂತು. ಒಂದು ಸಲ ಹೇಳಿದ ಮೇಲೆ ಅದನ್ನು ಕಾಪಾಡಿಕೊಳ್ಳಲು ಮತ್ತೆ ಮತ್ತೆ ಹೇಳಬೇಕಾಯಿತು. ಕೋರ್ಟಿನ ದಿನ ಹತ್ತಿರ ಬಂದಾಗ ಅವರು, "ನಾನೂ ಒಂದ್ಸಲ ಹೋಗಿ ಬರ್ಲಾ?" ಎಂದರು. ಹೋದರೆ ನನ್ನ ಬಣ್ಣ ಬಯಲಾಗುತ್ತಿತ್ತು. "ಲಾಯರ್ ಇದ್ದಮೇಲೆ ನೀವ್ಯಾಕೆ ಭಾಯಿ, ಕೆಲ್ಸ ಬಿಟ್ಟು" ಎಂದೆ. ಅವರು ನಂಬಿ ಸುತ್ತಿಗೆ ಹಿಡಿದು ಕೂತರು. ಮಳೆಗಾಲ ಕಳೆಯಿತು. ಭಾಯಿಯ ಪರ ಯಾರೂ ಬರಲಿಲ್ಲವೆಂದು ಕೋರ್ಟು ಎದುರಿನವರ ಮಾತನ್ನಷ್ಟೇ ಕೇಳಿ ತೀರ್ಪು ಕೊಟ್ಟಿತು. ಅದು ನಮಗೆ ಗೊತ್ತೇ ಆಗಲಿಲ್ಲ.

ಹಣ್ಣು ಕುಯ್ಯುವ ಕಾಲ, ಭಾಯಿಗೆ ಉಸಿರಾಡಲು ಪುರುಸೊತ್ತಿಲ್ಲದಷ್ಟು ಪಲ್ಪರುಗಳು ಬಂದು ಕೂತಿದ್ದವು. ತೀರ್ಪು ಜಾರಿ ಮಾಡುವ ಕೋರ್ಟಿನ ಅಮೀನ ಕಾಗದ ಹಿಡಿದು ಬಂದ. ಭಾಯಿ ನಗುತ್ತಲೇ, "ನಮ್ಮ ಲಾಯರಮ್ಮ ಇದಾರೆ, ಅವರತ್ರ ಮಾತಾಡಿ" ಎಂದರು.

"ಯಾವ ಲಾಯರಮ್ಮ ಮಾರಾಯ್ರೆ? ನಿಮ್ಮ ಕಡೆಯಿಂದ ಒಂದು ನರಪಿಳ್ಳೆ ಬಂದಿಲ್ಲ. ಒಂದು ವಾರ ಬಿಟ್ಟು ಬರ್ತೀನಿ, ಸಾಮಾನು ತೆಗೆದಿಡಿ," ಎಂದ ಅಮೀನ.

ನಾನು ಒಳಗೆ ಹೋಗಿ ಸುಮ್ಮನೆ ಸಾರು ತಿರುವುತ್ತ ನಿಂತೆ. ಭಾಯಿ ಅಡಿಗೆಮನೆಯ ಬಾಗಿಲಿಗೆ ಬಂದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ.

"ತಂಗ್ಯಮ್ಮಂಗೆ ಎಲ್ಲೋ ಮರ್ತು ಹೋಗಿದೆ ಅಕ್ಕಾ. ಪಾಪ, ಅವರಿಗೂ ಎಷ್ಟು ಕೆಲ್ಸ," ಎಂದರು.

"ಹೂಂ, ಮರ್ತಿರ್ಬೇಕು," ಎಂದೆ ನಾನು.

ಮೊದಲು ಆಡಿದ ಸುಳ್ಳಿಗಿಂತ ಈ ಮಾತು ದೊಡ್ಡದು. ಯಾರಿಂದ ನನಗೆ ಮರ್ಯಾದೆ ಬಂದಿತ್ತೋ ಅವಳ ತಲೆಗೇ ಕಟ್ಟಿಬಿಟ್ಟೆ.

ಆ ಸಂಜೆ ತಂಗಿಗೆ ಫೋನ್ ಮಾಡಿ, ಭಾಯಿಯ ಶೆಡ್ ಹೋಗ್ತಿದೆ, ಬಾ ಎಂದಷ್ಟೇ ಹೇಳಿದೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಬಂದಳು. ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ.

"ಸಮನ್ಸ್ ಯಾವಾಗ ಬಂತಂತೆ?"

"ಹೂ ಬಿಟ್ಟಾಗ."

"ಈಗ ಹಣ್ಣು ಕುಯ್ತಿದಾರೆ. ಅಲ್ಲಿಂದ ಇಲ್ಲಿವರೆಗೂ ಭಾಯಿ ಯಾವ ವಕೀಲರನ್ನೂ ನೋಡ್ಲಿಲ್ವಾ?"

"ಇಲ್ಲ."

"ನೋಡೋದು ಬೇಡ ಅಂದಿದ್ದು ಯಾರು?"

ನಾನು ಹಂಚನ್ನೇ ನೋಡುತ್ತಿದ್ದೆ.

"ರೊಟ್ಟಿ ಸೀದುಹೋಯ್ತು ಅಕ್ಕ," ಎಂದಳು. ಆಮೇಲೆ ಸುಮ್ಮನೆ ಕೂತಳು.

ಎಲ್ಲ ಹೇಳಿದೆ. ಫೋನಿನ ವಿಷಯ, ನೋಡ್ಕೊಳ್ತಾಳಂತೆ ಅಂದದ್ದು, ಕೋರ್ಟಿಗೆ ಹೋಗಬೇಡಿ ಅಂದದ್ದು. ಕೊನೆಗೆ ಅವಳೇ ಕೇಳಿದಳು, "ನಾನು ಮರ್ತೆ ಅಂತ ಹೇಳಿದ್ಯಾ?" ನಾನು ಹೌದೆಂದು ತಲೆಯಾಡಿಸಿದೆ. ಅವಳ ಮುಖ ಒಂದು ಗಳಿಗೆ ಚಿಕ್ಕ ಹುಡುಗಿಯದಾಯಿತು. ಎದ್ದು ಕೈ ತೊಳೆದಳು.

"ಬಾ."

"ಎಲ್ಲಿಗೆ?"

"ಭಾಯಿ ಹತ್ರ. ಮೊದ್ಲು ಅಲ್ಲಿ ಹೇಳು. ಕೋರ್ಟು ಆಮೇಲೆ."

ಭಾಯಿ ಸ್ಪಾನರ್ ಒರೆಸುತ್ತ ಕೇಳಿಸಿಕೊಂಡರು. ನಾನು ಹೇಳಿ ಮುಗಿಸಿದ ಮೇಲೂ ಒರೆಸುತ್ತಲೇ ಇದ್ದರು. "ಆಗ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಬೇರೆಯೋರ ಹತ್ರ ಹೋಗ್ತಿದ್ನಲ್ಲ ಅಕ್ಕಾ," ಎಂದರು. ಆಮೇಲೆ ತಂಗಿಯ ಕಡೆ ತಿರುಗಿ, "ಹಾಗಾದ್ರೆ ನನ್ನ ಸೈನು ನಡೆಯಲ್ವಾ?" ಎಂದು ಕೇಳಿದರು.

"ಅದು ಆ ಪಲ್ಪರ್ ಕೇಸಿಗೆ ಮಾತ್ರ ಭಾಯಿ. ನಾನು ಅವತ್ತೇ ಹೇಳ್ಬೇಕಿತ್ತು," ಎಂದಳು ತಂಗಿ.

ಮರುದಿನದಿಂದ ಭಾಯಿ ಮನೆಯಿಂದಲೇ ಫ್ಲಾಸ್ಕಿನಲ್ಲಿ ಟೀ ತರತೊಡಗಿದರು.

ತಂಗಿಯೇ ಕೋರ್ಟಿನಲ್ಲಿ ನಿಂತು ಗೆಲ್ಲಿಸುತ್ತಾಳೆ ಎಂದು ನಾನಂದುಕೊಂಡಿದ್ದೆ. ಅವಳು ಆಗುವುದಿಲ್ಲ ಎಂದಳು. ತೀರ್ಪು ರದ್ದಾಗಬೇಕಾದರೆ ಭಾಯಿ ಯಾಕೆ ಬರಲಿಲ್ಲ ಎಂಬುದನ್ನು ಕೋರ್ಟಿಗೆ ತೋರಿಸಬೇಕು. ಅದಕ್ಕೆ ನಾನು ಸಾಕ್ಷಿ ಹೇಳಬೇಕು. ತನಗೆ ವಿಷಯವೇ ಗೊತ್ತಿರಲಿಲ್ಲ ಎಂದು ಅವಳೂ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳುವವರು ಅದೇ ಕೇಸಿನಲ್ಲಿ ವಕೀಲರಾಗಿ ನಿಲ್ಲಬಾರದು. ಚಿಕ್ಕಮಗಳೂರಿನ ಒಬ್ಬ ಎಳೆಯ ವಕೀಲೆಗೆ ಕೇಸು ಒಪ್ಪಿಸಿದಳು. ಆ ಹುಡುಗಿ ಮೊದಲು ಅಮೀನ ಬರದ ಹಾಗೆ ತಡೆ ತಂದಳು.

"ಬೇರೆ ದಾರಿ ಇಲ್ವೇನೇ? ಭಾಯಿಗೆ ಹುಷಾರಿರ್ಲಿಲ್ಲ ಅಂತ ಹೇಳಿದ್ರೆ?" ಎಂದು ನಾನು ಕೇಳಿದೆ. ಊರಿನವರೆಲ್ಲ ನನ್ನ ಸುಳ್ಳನ್ನು ಕೇಳುವುದು ನನಗೆ ಬೇಡವಾಗಿತ್ತು.

ತಂಗಿ ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ.

ಕೋರ್ಟಿನ ದಿನ ಅವಳ ಕಾರಿನಲ್ಲೇ ಹೋದೆವು. ಊರು ದಾಟಿದ ಮೇಲೆ ಕೇಳಿದೆ, "ನಾನು ಎಂತ ಹೇಳ್ಬೇಕು?"

"ಆದದ್ದು."

"ಹೇಗೆ ಹೇಳ್ಬೇಕು ಅಂತಾದ್ರೂ ಹೇಳಿಕೊಡು ಮಾರಾಯ್ತಿ."

"ಬಾಯಿಂದ ಸೆರಗು ತೆಗೆದು ಹೇಳು. ಅಷ್ಟೇ."

ಕರಿ ಕೋಟು ಹಾಕದೆ, ಒಂದು ಹತ್ತಿ ಸೀರೆಯಲ್ಲಿ, ಅವಳು ಕಕ್ಷಿದಾರರು ಕೂರುವ ಹಿಂದಿನ ಬೆಂಚಿನಲ್ಲಿ ಕೂತಳು. ವಕೀಲರೆಲ್ಲ ಎದ್ದು ಮುಂದೆ ಬನ್ನಿ ಮೇಡಂ ಎಂದರೂ ಹೋಗಲಿಲ್ಲ. ಮೊದಲು ಭಾಯಿಯನ್ನು ಕೂಗಿದರು. ಎದುರಿನ ವಕೀಲರು ವಯಸ್ಸಾದವರು, ಊರಿಗೆಲ್ಲ ಗೊತ್ತಿರುವ ಮಾತುಗಾರರು. "ವಕೀಲರನ್ನ ಇಟ್ಟಿದ್ದೆ ಅಂತೀರಲ್ಲ, ವಕಾಲತ್ತಿಗೆ ಸೈನ್ ಹಾಕಿದ್ರಾ?" ಎಂದರು.

"ಹಾಕಿದ್ದೀನಿ ಸ್ವಾಮಿ."

"ಯಾವಾಗ?"

"ತಂಗ್ಯಮ್ಮ ಲಾಯರ್ ಆದ ವರ್ಷ."

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಭಾಯಿ ನಗಲಿಲ್ಲ. ನ್ಯಾಯಾಧೀಶರೂ ನಗಲಿಲ್ಲ, ಏನೋ ಬರೆದುಕೊಂಡರು.

ಆಮೇಲೆ ನನ್ನನ್ನು ಕರೆದರು. ಕಟಕಟೆಯ ಕಂಬಿ ಹಿಡಿದುಕೊಂಡೆ. ನಮ್ಮ ವಕೀಲೆ ಕೇಳಿದ್ದಕ್ಕೆ ಆದದ್ದು ಹೇಳಿದೆ. ಎದುರಿನ ವಕೀಲರು ಎದ್ದರು.

"ಏನಮ್ಮಾ, ನಿಮ್ಮ ಹೋಟ್ಲಲ್ಲಿ ಕಡುಬಿನ ಜೊತೆ ಕಾನೂನು ಸಲಹೆನೂ ಬಡಿಸ್ತೀರೋ?"

"ಬಡಿಸ್ದೆ ಸ್ವಾಮಿ. ತಪ್ಪಾಗಿದ್ದೇ ಅದು."

"ಈಗ ಪಕ್ಕದೋರನ್ನ ಉಳಿಸೋಕೆ ಈ ಕಥೆ ಕಟ್ಟಿದ್ದೀರಿ. ಅಲ್ಲಿ ಕೂತಿರೋ ನಿಮ್ಮ ತಂಗಿ ಹೇಳಿಕೊಟ್ಟಿದಾರೆ."

"ಅವಳು ಹೇಳಿಕೊಟ್ಟಿದ್ರೆ ಇಷ್ಟು ಕೈ ನಡುಗ್ತಿತ್ತಾ ಸ್ವಾಮಿ? ಸುಳ್ಳು ಹೇಳೋವಾಗ ನಂಗೆ ಹೀಗೆ ನಡುಗಲ್ಲ. ಭಾಯಿಗೆ ಹೇಳೋವಾಗ ನಡುಗ್ಲೇ ಇಲ್ಲ."

ಅದನ್ನು ಯಾಕೆ ಹೇಳಿದೆನೋ ತಿಳಿಯದು. ಅವರು ಕೈಯಲ್ಲಿದ್ದ ಕಾಗದ ಮಡಚಿ ಕೂತರು.

ಕೊನೆಗೆ ತಂಗಿ. ಅಷ್ಟು ಜನರನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವಳು ತಾನೇ ಅಲ್ಲಿ ನಿಂತದ್ದು ಅದೇ ಮೊದಲು. ಆ ಹಿರಿಯ ವಕೀಲರು ಅವಳಿಗೆ ಗೌರವದಿಂದಲೇ ಕೇಳಿದರು, ಆದರೆ ಬಿಡಲಿಲ್ಲ.

"ತಾವು ಇಷ್ಟು ದೊಡ್ಡ ವಕೀಲರು. ಸ್ವಂತ ಅಕ್ಕನ ಫೋನು, ಎರಡು ಸಲ. ತಿರುಗಿ ಮಾಡೋಕೂ ಪುರುಸೊತ್ತಾಗ್ಲಿಲ್ವಾ?"

ಈ ಸಲ ಸುಮ್ಮನಿದ್ದವಳು ಉತ್ತರ ಹೇಳಬೇಕಾದವಳು.

"ಮಾಡ್ಬಹುದಿತ್ತು. ಮಾಡ್ಲಿಲ್ಲ. ಅದು ನನ್ನ ತಪ್ಪು. ಭಾಯಿಯವರದ್ದಲ್ಲ," ಎಂದಳು.

ಅಷ್ಟು ಜನರ ಮುಂದೆ, ಮೂಲೆಯಲ್ಲಿ ಪೇಪರಿನವನೊಬ್ಬ ಬರೆದುಕೊಳ್ಳುತ್ತಿರುವಾಗ, ಅವಳು ನನ್ನ ತಪ್ಪಿನ ಒಂದು ತುದಿಯನ್ನು ತಾನು ಹಿಡಿದುಕೊಂಡಳು. ಹಿಡಿಯದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆರೋಪ ಹೊತ್ತವನ ಪಕ್ಕ ನಿಲ್ಲಲು ಒಬ್ಬರು ಬೇಕು ಎಂದು ಅವಳು ಹೇಳಿದ್ದು ನನಗೆ ಅಂದು ಅರ್ಥವಾಯಿತು. ತಪ್ಪನ್ನು ಮುಚ್ಚಿಹಾಕುವುದು, ಪಕ್ಕದಲ್ಲಿ ನಿಲ್ಲುವುದು, ಇವೆರಡೂ ಒಂದೇ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ನ್ಯಾಯಾಧೀಶರು ಮೊದಲಿನ ತೀರ್ಪನ್ನು ರದ್ದುಮಾಡಿದರು. ಭಾಯಿಯ ಮಾತನ್ನೂ ಕೇಳಿ ಕೇಸು ಮೊದಲಿಂದ ನಡೆಯಬೇಕು ಎಂದು ಆದೇಶವಾಯಿತು. ಶೆಡ್ ಉಳಿಯಿತು ಎಂದು ಹೇಳುವ ಹಾಗಿಲ್ಲ, ಕೇಸು ಇನ್ನೂ ಇದೆ. ಆದರೆ ಈಗ ಭಾಯಿಯ ಪರ ಒಬ್ಬ ವಕೀಲೆ ನಿಲ್ಲುತ್ತಾಳೆ, ಭಾಯಿ ಪ್ರತಿ ಸಲವೂ ಹೋಗುತ್ತಾರೆ. ಆ ದಿನ ಹೋಟೆಲು ಮುಚ್ಚಿ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಆದೇಶವಾದ ಮೇಲೂ ಫ್ಲಾಸ್ಕು ಬಹಳ ದಿನ ಬಂತು. ನಾನು ಕರೆಯಲಿಲ್ಲ, ಕರೆಯುವ ಬಾಯಿ ನನಗಿರಲಿಲ್ಲ. ಮೆಣಸು ಕುಯ್ಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವರೇ ಬಂದು ಹಳೆಯ ಜಾಗದಲ್ಲಿ ಕೂತರು.

"ಅಕ್ಕಾ, ಒಂದು ಟೀ."

"ಬಂತು ಭಾಯಿ."

"ಬಂತಾ? ಇಲ್ಲ ಬರೀ ಬಂತು ಅಂತ ಹೇಳಿದ್ದಾ?"

ಹೋಟೆಲಿನಲ್ಲಿ ಕೂತವರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಈಗ ಇದನ್ನು ಅವರು ದಿನವೂ ಹೇಳುತ್ತಾರೆ, ದಿನವೂ ಒಂದಿಷ್ಟು ಚುಚ್ಚುತ್ತದೆ. ಮನಸ್ಸಿನಲ್ಲಿಟ್ಟುಕೊಂಡು ಮುಖ ತಿರುಗಿಸುವುದರ ಬದಲು ಎಲ್ಲರೆದುರಿಗೆ ಹೀಗೆ ಅಂದುಬಿಡುತ್ತಾರಲ್ಲ, ಅವರಿಗೂ ನಾನು ಋಣಿ.

ಕಾಗದ ಹಿಡಿದು ಕೌಂಟರಿಗೆ ಬರುವವರು ಈಗಲೂ ಬರುತ್ತಾರೆ. ಮೊನ್ನೆ ಕಳಸದ ಕಡೆಯ ಒಬ್ಬರು ಜೇನಿನ ಬಾಟಲಿ ಸಮೇತ ಬಂದಿದ್ದರು. ನನ್ನ ಕೈಲಾಗಲ್ಲ, ಚಿಕ್ಕಮಗಳೂರಿಗೆ ಹೋಗಿ ಎಂದು ಆ ಎಳೆಯ ವಕೀಲೆಯ ಆಫೀಸಿನ ದಾರಿ ಹೇಳಿದೆ. ಅವರು ಬೇಸರದಿಂದ ಜೇನನ್ನು ಚೀಲಕ್ಕೆ ವಾಪಸ್ ಹಾಕಿಕೊಂಡರು. ಸಂಜೆ ತಂಗಿಯ ಫೋನ್ ಬಂತು. ಈಗ ಕೋರ್ಟು ಮುಗಿದ ಮೇಲೆ ಅವಳೇ ಮಾಡುತ್ತಾಳೆ. ಜೇನು ಹೋದದ್ದನ್ನು ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಭಾಯಿ ಹೇಗಿದ್ದಾರೆ ಎಂದು ಕೇಳಿದಳು. ನಾನು ಫೋನನ್ನು ಕಿಟಕಿಯ ಹೊರಗೆ ಹಿಡಿದೆ. ಯಾರದೋ ಪಲ್ಪರಿನ ಮೇಲೆ ಸುತ್ತಿಗೆ ಬೀಳುತ್ತಿತ್ತು.